ಕಾರಿನ ಕಾಯಿಲೆಗೆ ನೂರೆಂಟು ವೈದ್ಯರು



ಮನೆಯಲ್ಲಿ ಯಾರಿಗಾದರೂ ನೆಗಡಿಯಾದರೆ ಬಂದವರೆಲ್ಲರೂ ಒಂದೊಂದು ಕಷಾಯ ಹೇಳಿ ಹೋಗುವುದು ನಮ್ಮಲ್ಲಿ ಹಳೆಯ ಪದ್ಧತಿ. ಒಬ್ಬರಿಗೆ ಶುಂಠಿ, ಇನ್ನೊಬ್ಬರಿಗೆ ಮೆಣಸು, ಮತ್ತೊಬ್ಬರಿಗೆ ದೊಡ್ಡಪತ್ರೆ. ಯಾವುದನ್ನು ಕುಡಿದರೂ ದೊಡ್ಡ ಹಾನಿಯೇನಿಲ್ಲ. ನೆಗಡಿಯು ತನ್ನ ಪಾಡಿಗೆ ತಾನು ಹೋಗುತ್ತದೆ. ಈ ಪದ್ಧತಿಯನ್ನು ನಾವು ಈಚೆಗೆ ಕಾರಿಗೂ ವಿಸ್ತರಿಸಿಕೊಂಡಿದ್ದೇವೆ. ಆದರೆ ಕಾರು ತನ್ನ ಪಾಡಿಗೆ ತಾನು ಗುಣವಾಗುವ ಪ್ರಾಣಿಯಲ್ಲ. ಅಲ್ಲಿ ತಪ್ಪು ಕಷಾಯ ಕುಡಿಸಿದರೆ ಹಣವೂ ಹೋಗುತ್ತದೆ, ಕೆಲವು ಸಲ ಹಣಕ್ಕಿಂತ ಹೆಚ್ಚಿನದೂ ಹೋಗುತ್ತದೆ.

ನಾನು ದಾಸರಹಳ್ಳಿಯ ಕಡೆ ಪ್ರೌಢಶಾಲೆಯಲ್ಲಿ ವಿಜ್ಞಾನ ಬೋಧಿಸಿದವನೆಂಬುದು ನಿಮಗೆ ಗೊತ್ತು. ಮಗ್ಗುಲಲ್ಲೇ ಪೀಣ್ಯ. ನನ್ನ ತರಗತಿಯ ಮಕ್ಕಳ ತಂದೆಯರಲ್ಲಿ ಅನೇಕರು ದಿನವಿಡೀ ಲೇತ್ ಯಂತ್ರದ ಮುಂದೆ ನಿಂತು ಸಂಸಾರ ನಡೆಸಿದವರು. ಆ ಮಕ್ಕಳಲ್ಲಿ ಕೆಲವರು ಪೀಣ್ಯದಲ್ಲೇ ಉಳಿದು ಬಿಡಿಭಾಗ ತಯಾರಿಸುತ್ತಿದ್ದಾರೆ, ಒಬ್ಬ ಗ್ಯಾರೇಜು ಇಟ್ಟಿದ್ದಾನೆ; ಉಳಿದ ಬಹಳಷ್ಟು ಮಂದಿ ಎಲೆಕ್ಟ್ರಾನಿಕ್ ಸಿಟಿಗೋ ವೈಟ್‌ಫೀಲ್ಡಿಗೋ ಕೆಲಸಕ್ಕೆ ಹೋಗುತ್ತಾರೆ. ಮದುವೆ ಮನೆಯ ಪಂಕ್ತಿಯಲ್ಲಿ ಇವರೆಲ್ಲ ಒಟ್ಟಿಗೆ ಕುಳಿತರೆ ಮಾತು ಹೆಚ್ಚೆಂದರೆ ಕೋಸಂಬರಿ ಬಡಿಸುವವರೆಗೆ ಬೇರೆ ವಿಷಯದಲ್ಲಿರುತ್ತದೆ, ಆಮೇಲೆ ಕಾರಿಗೆ ಬರುತ್ತದೆ. ಈ ಸಂಭಾಷಣೆಗಳನ್ನು ವರ್ಷಗಳಿಂದ ಕೇಳುತ್ತ ಬಂದಿರುವ ನನಗೆ ಒಂದು ಸಂಗತಿ ಎದ್ದು ಕಂಡಿದೆ. ಸಲಹೆ ಕೊಡುವವರಲ್ಲಿ ಪ್ರಶ್ನೆ ಕೇಳುವವರು ತೀರ ಕಡಿಮೆ. "ನನ್ನ ಕಾರು ಬೆಳಿಗ್ಗೆ ಸ್ಟಾರ್ಟ್ ಆಗುವುದಿಲ್ಲ" ಎಂದು ಒಬ್ಬ ಬಾಯಿ ತೆರೆದರೆ ಸಾಕು, "ಬ್ಯಾಟರಿ ಬದಲಿಸು" ಎಂದು ಒಬ್ಬ, "ಪೆಟ್ರೋಲ್ ಪಂಪು" ಎಂದು ಇನ್ನೊಬ್ಬ. ಕೀಲಿ ತಿರುಗಿಸಿದಾಗ ಟಕ್ ಟಕ್ ಎಂದಿತೋ, ಎಂಜಿನ್ ಸುತ್ತಿಯೂ ಹತ್ತಲಿಲ್ಲವೋ, ಏನೂ ಸದ್ದೇ ಇಲ್ಲವೋ ಎಂದು ಕೇಳುವ ತಾಳ್ಮೆ ಯಾರಿಗೂ ಇಲ್ಲ. ಈ ಮೂರೂ ಬೇರೆ ಬೇರೆ ಕಾಯಿಲೆಗಳು. ಗಣಿತದ ಪರೀಕ್ಷೆಯಲ್ಲಿ ಲೆಕ್ಕದ ಹಂತಗಳನ್ನು ಬರೆಯದೆ ಉತ್ತರ ಮಾತ್ರ ಬರೆಯುವ ಹುಡುಗರು ನೆನಪಾಗುತ್ತಾರೆ. ಅವರಲ್ಲಿ ಕೆಲವರು ಈ ಪಂಕ್ತಿಯಲ್ಲೇ ಕುಳಿತಿರುತ್ತಾರೆ ಎಂಬುದು ಬೇರೆ ಮಾತು.

ಒಂದು ಉದಾಹರಣೆ ಕೊಡುತ್ತೇನೆ. ವೈಟ್‌ಫೀಲ್ಡಿನಲ್ಲಿ ಉದ್ಯೋಗದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ಕಾರು ಬ್ರೇಕ್ ಒತ್ತಿದಾಗಲೆಲ್ಲ ಕೀಚ್ ಎನ್ನುತ್ತಿತ್ತು. ಕಚೇರಿಯ ಸಹೋದ್ಯೋಗಿಗಳಲ್ಲಿ ಒಬ್ಬರು "ಧೂಳು, ತೊಳೆಸಿ" ಎಂದರು. ಇನ್ನೊಬ್ಬರು "ಮಳೆಯಿಂದ ತುಕ್ಕು, ತಾನೇ ಹೋಗುತ್ತದೆ" ಎಂದರು. ಮೂರನೆಯವರು, ಅವರೇ ಅತ್ಯಂತ ಆತ್ಮವಿಶ್ವಾಸದವರು, ತುಕ್ಕು ಬಿಡಿಸುವ ಎಣ್ಣೆಯ ಡಬ್ಬಿಯಿಂದ ನಾಲ್ಕು ಸಲ ಸಿಂಪಡಿಸಿದರೆ ಸದ್ದು ನಿಲ್ಲುತ್ತದೆ ಎಂದರು. ಆಕೆಯ ಅದೃಷ್ಟಕ್ಕೆ ಡಬ್ಬಿ ಕೊಳ್ಳುವ ಮೊದಲು ಪೀಣ್ಯದ ಗ್ಯಾರೇಜಿನ ತನ್ನ ಸಹಪಾಠಿಗೆ ಫೋನ್ ಮಾಡಿದಳು. ಆತ ಹತ್ತನೆಯ ತರಗತಿಯಲ್ಲಿ ಕಷ್ಟಪಟ್ಟು ತೇರ್ಗಡೆಯಾದವನು. ಆದರೆ ಅಂದು ಆತ ಮೊದಲು ಕೇಳಿದ್ದು ಎರಡು ಪ್ರಶ್ನೆ. ಬೆಳಿಗ್ಗೆ ಮೊದಲ ಎರಡು ಮೂರು ಸಲ ಮಾತ್ರವೋ, ದಿನವಿಡೀ ಬರುತ್ತದೆಯೋ? ಎಷ್ಟು ದಿನಗಳಿಂದ? ದಿನವಿಡೀ, ಎರಡು ವಾರದಿಂದ ಎಂದು ಆಕೆ ಹೇಳಿದಳು. "ಸಂಜೆ ನೇರ ಇಲ್ಲಿಗೆ ಬಾ, ದಾರಿಯಲ್ಲಿ ನಿಧಾನವಾಗಿ ಓಡಿಸು" ಎಂದ. ಬಿಚ್ಚಿ ನೋಡಿದಾಗ ಬ್ರೇಕ್ ಪ್ಯಾಡು ನಾಣ್ಯದಷ್ಟು ತೆಳ್ಳಗಾಗಿತ್ತು.

ರಾತ್ರಿ ಮಳೆ ಬಿದ್ದಿದ್ದರೆ ಬ್ರೇಕಿನ ಡಿಸ್ಕಿನ ಮೇಲೆ ತೆಳುವಾದ ತುಕ್ಕು ಹಿಡಿಯುತ್ತದೆ. ಒಂದೆರಡು ಸಲ ಬ್ರೇಕ್ ಒತ್ತಿದರೆ ಉಜ್ಜಿ ಹೋಗುತ್ತದೆ. ಆದುದರಿಂದ ಎರಡನೆಯ ಸಹೋದ್ಯೋಗಿಯ ಮಾತು ಸುಳ್ಳಲ್ಲ, ಆದರೆ ಈ ಕಾರಿಗೆ ಸಲ್ಲುವುದಲ್ಲ. ಅನೇಕ ಕಾರುಗಳ ಪ್ಯಾಡಿನಲ್ಲಿ ಒಂದು ಸಣ್ಣ ಲೋಹದ ಪಟ್ಟಿಯಿರುತ್ತದೆ. ಪ್ಯಾಡು ಸವೆದು ಎರಡು ಮೂರು ಮಿಲಿಮೀಟರಿಗೆ ಇಳಿದಾಗ ಆ ಪಟ್ಟಿ ಡಿಸ್ಕಿಗೆ ತಗುಲಿ ಕಿರುಚುವಂತೆ ಬೇಕೆಂದೇ ಮಾಡಿರುತ್ತಾರೆ. ಅದು ದೋಷವಲ್ಲ, ಶಾಲೆಯ ಗಂಟೆಯಿದ್ದಂತೆ. ಇನ್ನು ಎಣ್ಣೆಯ ಸಲಹೆ ಕೊಟ್ಟ ಮಹನೀಯರ ವಿಷಯ: ಬ್ರೇಕ್ ಎಂಬುದು ಘರ್ಷಣೆಯಿಂದಲೇ ನಮ್ಮನ್ನು ಬದುಕಿಸುವ ಭಾಗ. ಅಲ್ಲಿಗೆ ಎಣ್ಣೆ ಹಾಕಿದರೆ ಸದ್ದು ನಿಲ್ಲುತ್ತದೆ, ಕಾರು ನಿಲ್ಲುವುದಿಲ್ಲ. ಅವರೇನೂ ಕೆಟ್ಟವರಲ್ಲ. ಬಾಗಿಲಿನ ಕೀಲಿಗೆ ಎಣ್ಣೆ ಹಾಕಿ ಸದ್ದು ನಿಲ್ಲಿಸಿದ ಅನುಭವವನ್ನು ಯೋಚಿಸದೆ ಬ್ರೇಕಿಗೂ ದಾಟಿಸಿದರು, ಅಷ್ಟೇ. ಆದರೆ ಆಕೆ ಪ್ರತಿದಿನ ಎರಡು ಮಕ್ಕಳನ್ನು ಹಿಂದಿನ ಆಸನದಲ್ಲಿ ಕೂರಿಸಿಕೊಂಡು ಹೋಗುವವಳು.

ಸಲಹೆಯ ಬೆಲೆ ಎಷ್ಟಾಗಬಹುದೆಂಬುದನ್ನು ಬೆಂಗಳೂರು 2022ರ ಸೆಪ್ಟೆಂಬರ್ ಮೊದಲ ವಾರದಲ್ಲಿ ಕಂಡಿತು. ಬೆಳ್ಳಂದೂರು, ಯಮಲೂರು, ಸರ್ಜಾಪುರ ರಸ್ತೆಯ ರೈನ್‌ಬೋ ಡ್ರೈವ್ ಬಡಾವಣೆ ಎಲ್ಲವೂ ನೀರಿನಲ್ಲಿದ್ದವು. ಜನರು ಟ್ರ್ಯಾಕ್ಟರ್ ಹತ್ತಿ ಕಚೇರಿಗೆ ಹೋದ ಚಿತ್ರಗಳನ್ನು ದೇಶವೆಲ್ಲ ನೋಡಿತು. ನೆಲಮಾಳಿಗೆಗಳಲ್ಲಿ ನಿಂತಿದ್ದ ಕಾರುಗಳು ಮುಳುಗಿದವು. ಇಂಥ ಸಮಯದಲ್ಲಿ ನೀರಿಳಿದ ಕೂಡಲೇ ನೆರೆಹೊರೆಯವರು ಹೇಳುವ ಮೊದಲ ಮಾತು "ಒಂದು ಸಲ ಸ್ಟಾರ್ಟ್ ಮಾಡಿ ನೋಡಿ" ಎಂದೇ. ಇದಕ್ಕಿಂತ ದುಬಾರಿಯಾದ ಸಲಹೆ ಇನ್ನೊಂದಿಲ್ಲ. ಎಂಜಿನ್ನಿನ ಪಿಸ್ಟನ್ ಒತ್ತುವುದು ಗಾಳಿಯನ್ನು. ಅನಿಲವನ್ನು ಕುಗ್ಗಿಸಬಹುದು, ದ್ರವವನ್ನು ಕುಗ್ಗಿಸಲಾಗದು ಎಂಬ ಪಾಠವನ್ನು ನಾನು ಸಿರಿಂಜು ಹಿಡಿದು ನಿಮಗೆಲ್ಲ ತೋರಿಸಿದ್ದೇನೆ. ಸಿಲಿಂಡರಿನೊಳಗೆ ನೀರು ಸೇರಿದ್ದಾಗ ಕೀಲಿ ತಿರುಗಿಸಿದರೆ ಪಿಸ್ಟನ್ ನೀರಿಗೆ ಬಡಿದು ಕನೆಕ್ಟಿಂಗ್ ರಾಡು ಬಾಗುತ್ತದೆ. ತೊಳೆದು ಒಣಗಿಸಿ ಎಣ್ಣೆಗಳನ್ನು ಬದಲಿಸಿದ್ದರೆ ಉಳಿಯುತ್ತಿದ್ದ ಎಂಜಿನ್ನು ಆ ಒಂದು ಕ್ಷಣದಲ್ಲಿ ಗುಜರಿಗೆ ಸಲ್ಲುತ್ತದೆ. ಮೇಲಾಗಿ, ಎಂಜಿನ್ ರಕ್ಷಣೆಯ ಹೆಚ್ಚುವರಿ ವಿಮೆ ಪಡೆದಿರದಿದ್ದರೆ, ನೀರು ಹೊಕ್ಕ ಮೇಲೆ ಸ್ಟಾರ್ಟ್ ಮಾಡಲು ಹೋಗಿ ಆದ ನಷ್ಟವನ್ನು ವಿಮಾ ಸಂಸ್ಥೆಗಳು ಸಾಮಾನ್ಯವಾಗಿ ಕೊಡುವುದಿಲ್ಲ. ಮಾಡಬೇಕಾದುದು ಇಷ್ಟೇ: ಕೀಲಿಯನ್ನು ಮುಟ್ಟಬೇಡಿ, ನೀರು ಎಲ್ಲಿಯವರೆಗೆ ಬಂದಿತ್ತೆಂದು ಚಿತ್ರ ತೆಗೆದಿಡಿ, ವಿಮೆಯವರಿಗೆ ತಿಳಿಸಿ, ಎಳೆಸಿಕೊಂಡು ಹೋಗಿ. ವಿದ್ಯುತ್ ಕಾರಾದರೆ ಹತ್ತಿರವೇ ಹೋಗದೆ ತಯಾರಕರ ಕೇಂದ್ರಕ್ಕೆ ಕರೆ ಮಾಡಿ.

ಇನ್ನು ಕೆಲವು ಕಾಯಿಲೆಗಳು ಕಾರಿನದಲ್ಲ, ನಮ್ಮ ರಸ್ತೆಯವು. 2020ರ ಏಪ್ರಿಲ್‌ನಿಂದ ಬಿಎಸ್-6 ನಿಯಮ ಬಂದ ಮೇಲೆ ಡೀಸೆಲ್ ಕಾರುಗಳ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಶೋಧಕವೊಂದು ಇರುತ್ತದೆ. ಹಿಡಿದ ಮಸಿಯನ್ನು ಅದು ಆಗಾಗ ಸುಮಾರು 600 ಡಿಗ್ರಿ ಉಷ್ಣತೆಯಲ್ಲಿ ಸುಟ್ಟು ಬೂದಿ ಮಾಡಬೇಕು. ಅದಕ್ಕೆ ಕಾರು ಸ್ವಲ್ಪ ಹೊತ್ತು ಒಂದೇ ವೇಗದಲ್ಲಿ ಓಡಬೇಕು. ಕೃಷ್ಣರಾಜಪುರದ ಸೇತುವೆಯಿಂದ ಹೊರವರ್ತುಲ ರಸ್ತೆಯಲ್ಲಿ ತೆವಳುವ ಕಾರಿಗೆ ಆ ಭಾಗ್ಯವೆಲ್ಲಿ? ಮಸಿ ತುಂಬುತ್ತದೆ, ಎದುರಿನ ಫಲಕದಲ್ಲಿ ದೀಪ ಹೊತ್ತುತ್ತದೆ. ಆಗ ಬರುವ ಸಲಹೆ, "ಬ್ಯಾಟರಿಯ ತಂತಿ ಕಿತ್ತು ಹತ್ತು ನಿಮಿಷ ಬಿಟ್ಟು ಹಾಕಿ, ದೀಪ ಹೋಗುತ್ತದೆ." ದೀಪ ಹೋಗಬಹುದು, ಮಸಿ ಹೋಗುವುದಿಲ್ಲ. ಕಾರಿನ ಕೈಪಿಡಿಯನ್ನು ತೆರೆದು ಓದಿದರೆ ಎಷ್ಟು ವೇಗದಲ್ಲಿ ಎಷ್ಟು ಹೊತ್ತು ಓಡಿಸಬೇಕೆಂದು ಅಲ್ಲೇ ಬರೆದಿರುತ್ತದೆ. ದೀಪ ಕಂಡ ಆರಂಭದಲ್ಲೇ ಭಾನುವಾರ ಮುಂಜಾನೆ ನೆಲಮಂಗಲ ದಾಟಿ ತುಮಕೂರಿನ ಕಡೆ ಒಂದು ಸುತ್ತು ಹೋಗಿ ಬಂದರೆ ಎಷ್ಟೋ ಸಲ ಸರಿಹೋಗುತ್ತದೆ. ದಿನಕ್ಕೆ ಆರೇಳು ಕಿಲೋಮೀಟರ್ ಮಾತ್ರ ಓಡಿಸುವವರು ಡೀಸೆಲ್ ಕಾರನ್ನು ಕೊಳ್ಳುವ ಮೊದಲೇ ಈ ಪ್ರಶ್ನೆ ಕೇಳಿಕೊಳ್ಳುವುದು ಇನ್ನೂ ಮೇಲು.

ನೀರಿನ ಮಾತು ಬಂತು. ರೇಡಿಯೇಟರಿಗೆ "ಯಾವ ನೀರಾದರೇನು" ಎನ್ನುವವರಿದ್ದಾರೆ. ಕೊಳವೆ ಬಾವಿಯ ಗಡಸು ನೀರು ನಮ್ಮ ಮನೆಗಳ ಗೀಸರಿಗೆ, ನಲ್ಲಿಯ ತುದಿಗೆ ಹಚ್ಚುವ ಬಿಳಿಯ ಪೊರೆಯನ್ನು ನೀವೆಲ್ಲ ಕಂಡಿದ್ದೀರಿ. ಎಂಜಿನ್ನಿನೊಳಗಿನ ಕಿರಿದಾದ ದಾರಿಗಳಿಗೂ ಅದು ಅದನ್ನೇ ಹಚ್ಚುತ್ತದೆ. ತಯಾರಕರು ಹೇಳಿದ ಕೂಲೆಂಟನ್ನೇ ಹಾಕಿ. ಅದರಲ್ಲಿ ತುಕ್ಕು ತಡೆಯುವ ದ್ರವ್ಯವೂ ಇರುತ್ತದೆ. ಉಷ್ಣತೆಯ ಮುಳ್ಳು ಮೇಲೇರಿದಾಗ ಎ.ಸಿ. ಆರಿಸಿ, ಬದಿಗೆ ನಿಲ್ಲಿಸಿ, ಎಂಜಿನ್ ಆರಿಸಿ, ಕಾಯಿರಿ. ಮುಚ್ಚಳವನ್ನು ಮಾತ್ರ ತೆರೆಯಬೇಡಿ. ಸುಮಾರು 920 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ರೇಡಿಯೇಟರಿನೊಳಗೆ ಒತ್ತಡವಿರುವುದರಿಂದ ಅದಕ್ಕಿಂತ ಬಹಳ ಬಿಸಿಯಾದರೂ ಕುದಿಯದೆ ಇರುತ್ತದೆ. ಮುಚ್ಚಳ ತೆರೆದೊಡನೆ ಒತ್ತಡ ಹೋಗಿ ಎಲ್ಲವೂ ಒಮ್ಮೆಗೇ ಕುದಿದು ಮುಖಕ್ಕೆ ಎರಚುತ್ತದೆ. ಮನೆಯಲ್ಲಿ ಸೀಟಿ ಇಳಿಯುವ ಮುನ್ನ ಕುಕ್ಕರ್ ತೆರೆಯಲು ಬಿಡದ ನಮ್ಮ ಹೆಂಗಸರಿಗೆ ಇದನ್ನು ವಿವರಿಸಬೇಕಾಗಿಲ್ಲ.

"ಮೇಷ್ಟ್ರೇ, ಈಗಿನ ಕಾರೆಂದರೆ ಕಂಪ್ಯೂಟರು, ನಾವು ನೋಡುವಂಥದ್ದು ಏನೂ ಇಲ್ಲ" ಎಂದು ಎಲೆಕ್ಟ್ರಾನಿಕ್ ಸಿಟಿಯ ಶಿಷ್ಯರು ನನಗೆ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಟೈರಿನ ಪಕ್ಕದಲ್ಲಿ ಉಬ್ಬಿದ ಗುಳ್ಳೆಯನ್ನು ಯಾವ ಕಂಪ್ಯೂಟರು ನೋಡುತ್ತದೆ? ನಿಲ್ಲಿಸಿದ ಜಾಗದಲ್ಲಿ ಬಿದ್ದ ಎಣ್ಣೆಯ ಹನಿಯನ್ನು? ಬ್ಯಾಟರಿಯ ತುದಿಗೆ ಕಟ್ಟಿದ ಹಸಿರು ಬಿಳುಪಿನ ಪುಡಿಯನ್ನು? 2020ರಲ್ಲಿ ಲಾಕ್‌ಡೌನ್ ಬಂದು ವಾರಗಟ್ಟಲೆ ನಿಂತ ಕಾರುಗಳ ಬ್ಯಾಟರಿಗಳು ಸತ್ತದ್ದು ಆ ಕಂಪ್ಯೂಟರುಗಳೇ ಸದಾ ಸ್ವಲ್ಪ ಸ್ವಲ್ಪ ವಿದ್ಯುತ್ತನ್ನು ಕುಡಿಯುತ್ತಿದ್ದುದರಿಂದ. ವಿದ್ಯುತ್ ಕಾರಿಗೆ ನಿರ್ವಹಣೆಯೇ ಬೇಡ ಎಂಬುದೂ ಅರ್ಧ ಸತ್ಯವೇ. ಎಲೆಕ್ಟ್ರಾನಿಕ್ ಸಿಟಿಗೆ ಸಮೀಪದ ಬೊಮ್ಮಸಂದ್ರದಲ್ಲಿ ತಯಾರಾಗಿ 2001ರಲ್ಲಿ ಮಾರುಕಟ್ಟೆಗೆ ಬಂದ ರೇವಾದ ಸೀಸದ ಬ್ಯಾಟರಿಗಳಿಗೆ ಆಗಾಗ ಬಟ್ಟಿ ಇಳಿಸಿದ ನೀರು ಕುಡಿಸಬೇಕಾಗಿತ್ತು. ಇಂದಿನ ಲಿಥಿಯಂ ಬ್ಯಾಟರಿಗೆ ಅದು ಬೇಡ, ನಿಜ. ಟೈರು, ಬ್ರೇಕಿನ ದ್ರವ, ದೀಪಕ್ಕೂ ಬಾಗಿಲಿಗೂ ಬೇಕಾದ 12 ವೋಲ್ಟಿನ ಚಿಕ್ಕ ಬ್ಯಾಟರಿ ಇವೆಲ್ಲ ಅಲ್ಲಿಯೂ ಇವೆ.

ಆದುದರಿಂದ ನನ್ನ ಆಗ್ರಹ ಒಂದೇ. ಕಾರಿನಲ್ಲಿ ನಲವತ್ತು ಪುಟದ ಒಂದು ನೋಟ್‌ಬುಕ್ ಇಡಿ. ಪೆಟ್ರೋಲ್ ಹಾಕಿಸಿದ ದಿನ, ಲೀಟರು, ಓಡಿದ ಕಿಲೋಮೀಟರು ಬರೆಯಿರಿ. ಹೊಸ ಸದ್ದು ಬಂದರೆ ಯಾವಾಗ ಬಂತು, ಎಂಜಿನ್ ತಣ್ಣಗಿತ್ತೋ ಬಿಸಿಯಿತ್ತೋ, ತಿರುವಿನಲ್ಲೋ ಗುಂಡಿಯಲ್ಲೋ ಬರೆಯಿರಿ. ಗ್ಯಾರೇಜಿಗೆ ಹೋದಾಗ ರೋಗದ ಹೆಸರನ್ನು ಹೇಳಬೇಡಿ, ಲಕ್ಷಣವನ್ನು ಹೇಳಿ. "ಕ್ಲಚ್ ಬದಲಿಸಿ" ಎಂದು ನೀವೇ ತೀರ್ಪು ಕೊಟ್ಟರೆ ಬಡಪಾಯಿ ಮೆಕ್ಯಾನಿಕ್ ಬದಲಿಸುತ್ತಾನೆ. ಹಳೆಯ ಸದ್ದು ಹೊಸ ಕ್ಲಚ್ಚಿನೊಂದಿಗೆ ಮನೆಗೆ ಬರುತ್ತದೆ, ಬೈಗುಳ ಅವನಿಗೆ ಬೀಳುತ್ತದೆ. ಅವನೊಡನೆ ಐವತ್ತು ರೂಪಾಯಿಗೆ ಚೌಕಾಸಿ ಮಾಡುವವರು ಗಾಜಿನ ಮಹಲಿನಂಥ ಸರ್ವಿಸ್ ಕೇಂದ್ರದಲ್ಲಿ ಅರ್ಥವಾಗದ ಹೆಸರಿನ ಐದಾರು ಶುಚಿಗೊಳಿಸುವಿಕೆಗಳಿಗೆ ತುಟಿ ಬಿಚ್ಚದೆ ಹಣ ಕೊಡುವುದನ್ನು ನೋಡಿದ್ದೇನೆ. ಅಲ್ಲಿಯೂ ಕೇಳಿ: ಇದು ಕೈಪಿಡಿಯ ಯಾವ ಪುಟದಲ್ಲಿದೆ?

ನೋಟ್‌ಬುಕ್ಕಿನ ಪ್ರಯೋಜನಕ್ಕೆ ಈಗಿನ ಇಂಧನದ ವಾದವೇ ಸಾಕ್ಷಿ. ಶೇ. 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲಿಗೆ ಚಾಲನೆ ಕೊಟ್ಟದ್ದು 2023ರ ಫೆಬ್ರವರಿ 6ರಂದು, ನಮ್ಮ ಬೆಂಗಳೂರಿನಲ್ಲೇ. ಒಂದು ಲೀಟರ್ ಎಥನಾಲಿನಲ್ಲಿ ಪೆಟ್ರೋಲಿನ ಮೂರನೇ ಎರಡರಷ್ಟೇ ಶಕ್ತಿಯಿರುವುದರಿಂದ ಮೈಲೇಜು ಸ್ವಲ್ಪ ಇಳಿಯುವುದು ಸಹಜ. ಹಳೆಯ ಕಾರುಗಳ ರಬ್ಬರ್ ಕೊಳವೆಗಳ ಮೇಲೆ ಕಣ್ಣಿಡಬೇಕೆಂಬ ಆತಂಕಕ್ಕೂ ಅರ್ಥವಿದೆ. ಪೆಟ್ರೋಲ್ ವಾಸನೆ ಬಂದರೆ ಅಂದೇ ತೋರಿಸಿ. ಆದರೆ "ಮೈಲೇಜು ಅರ್ಧಕ್ಕಿಳಿಯಿತು" ಎಂದು ಒಬ್ಬ, "ಏನೂ ಇಳಿದಿಲ್ಲ" ಎಂದು ಇನ್ನೊಬ್ಬ ಕೂಗಾಡುವಾಗ, ಮೊದಲು ಎಷ್ಟಿತ್ತು ಎಂದು ನಾನು ಕೇಳಿದರೆ ಇಬ್ಬರ ಬಳಿಯೂ ಲೆಕ್ಕವಿರುವುದಿಲ್ಲ.

ಟೈರಿನ ವಿಷಯ ಹೇಳಿ ಮುಗಿಸುತ್ತೇನೆ. ಪಂಕ್ಚರ್ ಅಂಗಡಿಯವರ ಮೇಲೆ ನಮಗೆಲ್ಲ ಗುಮಾನಿ; ಹೊರವರ್ತುಲ ರಸ್ತೆಯಲ್ಲಿ ಕೋಲಿಗೆ ಆಯಸ್ಕಾಂತ ಕಟ್ಟಿಕೊಂಡು ಕಿಲೋಗಟ್ಟಲೆ ಮೊಳೆ ಹೆಕ್ಕಿದ ತಂತ್ರಜ್ಞರೊಬ್ಬರ ಸುದ್ದಿಯನ್ನು ಕೆಲವು ವರ್ಷಗಳ ಹಿಂದೆ ಪತ್ರಿಕೆಗಳಲ್ಲಿ ಓದಿದ್ದೀರಿ. ಮೊಳೆ ನಮ್ಮ ಕೈಯಲ್ಲಿಲ್ಲ, ಟೈರಿನ ವಯಸ್ಸು ನಮ್ಮ ಕೈಯಲ್ಲಿದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳಿರುತ್ತವೆ. 2319 ಎಂದಿದ್ದರೆ 2019ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು ಎಂದರ್ಥ. ಹೊಸ ಟೈರು ಕೊಳ್ಳುವಾಗಲೂ ಅದನ್ನು ಓದಿಯೇ ಹಣ ಕೊಡಿ. ಗಾಳಿಯ ಒತ್ತಡ ಎಷ್ಟಿರಬೇಕೆಂಬುದು ಸಾಮಾನ್ಯವಾಗಿ ಚಾಲಕನ ಬಾಗಿಲಿನ ಕಂಬದ ಚೀಟಿಯಲ್ಲಿರುತ್ತದೆ. ಬಂಕಿನ ಹುಡುಗನನ್ನು ಕೇಳಬೇಡಿ, ನೀವೇ ಅವನಿಗೆ ಹೇಳಿ. ಸ್ಟೆಪ್ನಿಗೂ ಗಾಳಿ ಹಿಡಿಸಿ. ಈಚಿನ ಅನೇಕ ಕಾರುಗಳಲ್ಲಿ ಅದು ಉಳಿದ ನಾಲ್ಕಕ್ಕಿಂತ ಚಿಕ್ಕದಾಗಿದ್ದು, ಗಂಟೆಗೆ 80 ಕಿಲೋಮೀಟರ್ ಮೀರಬಾರದೆಂದು ಅದರ ಮೇಲೆಯೇ ಅಂಟಿಸಿರುತ್ತಾರೆ.