ಸ್ಥಾವರದ ದರ್ಶನ, ಜಂಗಮದ ಮರೆವು

ಬೆತ್ಲೆಹೇಮಿನ ಜನನ ದೇವಾಲಯದ ಬಾಗಿಲು ನಾಲ್ಕಡಿಯಷ್ಟೇ ಎತ್ತರ. ಕುದುರೆ ಏರಿ ನುಗ್ಗುವ ಲೂಟಿಕೋರರನ್ನು ತಡೆಯಲು ಹಿಂದೆ ಅದನ್ನು ಕಿರಿದುಗೊಳಿಸಿದರೆಂದು ಹೇಳುತ್ತಾರೆ. ಈಗ ಅದಕ್ಕೆ 'ವಿನಯದ ಬಾಗಿಲು' ಎಂದು ಹೆಸರು. 2018ರ ನವೆಂಬರಿನಲ್ಲಿ ಮಂಗಳೂರಿನಿಂದ ಹೊರಟ ಯಾತ್ರಾ ತಂಡವೊಂದರ ಜೊತೆ ನಾನೂ ತಲೆ ಬಾಗಿ ಅದರೊಳಗೆ ಹೊಕ್ಕೆ. ಸರತಿಯ ಸಾಲಿನಲ್ಲಿ ಒಂದು ತಾಸು. ಯೇಸು ಜನಿಸಿದನೆಂದು ನಂಬಲಾದ ಗುಹೆಯ ಬೆಳ್ಳಿ ನಕ್ಷತ್ರದ ಮುಂದೆ ಅರೆ ನಿಮಿಷ. ನನ್ನ ಮುಂದಿದ್ದ ನಿವೃತ್ತ ಶಿಕ್ಷಕಿಯೊಬ್ಬರು ಮಂಡಿಯೂರಿ ನಕ್ಷತ್ರವನ್ನು ಮುಟ್ಟಿದಾಗ ಅವರ ಕೈ ನಡುಗುತ್ತಿತ್ತು. ಆ ಅರೆ ನಿಮಿಷಕ್ಕಾಗಿ ಅವರು ವರ್ಷಗಟ್ಟಲೆ ಹಣ ಕೂಡಿಟ್ಟಿದ್ದರು. ಆ ಭಕ್ತಿಯನ್ನು ಪ್ರಶ್ನಿಸುವ ಅಧಿಕಾರ ಯಾರಿಗೂ ಇಲ್ಲ.

ಹೊರಬಂದ ಮೇಲೆ ಬಸ್ಸು ಹೊರಡಲು ಇಪ್ಪತ್ತು ನಿಮಿಷ ಉಳಿದಿತ್ತು. ಆಲಿವ್ ಮರದಲ್ಲಿ ಗೋದಲಿಯ ಬೊಂಬೆಗಳನ್ನು ಕೆತ್ತುವ ಮುದುಕರೊಬ್ಬರ ಪುಟ್ಟ ಅಂಗಡಿಗೆ ಹೋದೆವು. ಅವರು ಅರಬ್ಬಿಯಲ್ಲಿ ಮಾತನಾಡುತ್ತಿದ್ದುದರಿಂದ ನಮ್ಮವರಲ್ಲಿ ಹಲವರು ಅವರನ್ನು ಮುಸ್ಲಿಮರೆಂದೇ ಭಾವಿಸಿದ್ದರು. ಅದನ್ನರಿತ ಅವರು ನಸುನಕ್ಕು, ಕುತ್ತಿಗೆಯ ಶಿಲುಬೆಯನ್ನು ತೋರಿಸಿದರು. 'ರಾತ್ರಿ ಎಲ್ಲಿ ತಂಗುತ್ತೀರಿ?' ಎಂದು ಕೇಳಿದರು. 'ಜೆರುಸಲೇಮಿನಲ್ಲಿ' ಎಂದೆ. ಅವರು ಮತ್ತೇನನ್ನೂ ಕೇಳಲಿಲ್ಲ.

ಆ ಮೌನ ನನ್ನನ್ನು ಇಂದಿಗೂ ಬಿಟ್ಟಿಲ್ಲ. ಕ್ರಿಸ್ತನ ನಾಡನ್ನು ನೋಡಲು ಸಾವಿರಾರು ಮೈಲಿ ಕ್ರಮಿಸಿ ಹೋದ ನಾವು, ಎರಡು ಸಾವಿರ ವರ್ಷಗಳ ಕ್ರೈಸ್ತ ಪರಂಪರೆಯನ್ನು ಅಲ್ಲಿಯೇ ಉಳಿಸಿಕೊಂಡು ಬಂದವರನ್ನು ಗುರುತಿಸಲೂ ಆಗದೆ ಹಿಂದಿರುಗಿದೆವು.

ಈ ಯಾತ್ರೆ ಇಂದು ನಮ್ಮ ದೇಶದಲ್ಲಿಯೂ ಸಣ್ಣ ಸಂಗತಿಯಲ್ಲ. ಜೋರ್ಡಾನ್, ಇಸ್ರೇಲ್, ಈಜಿಪ್ಟ್‌ಗಳನ್ನು ಹತ್ತು ದಿನಗಳಲ್ಲಿ ಮುಗಿಸುವ ಪ್ರವಾಸಗಳು ದಕ್ಷಿಣ ಭಾರತದ ಚರ್ಚ್‌ಗಳಿಗೆ ಚಿರಪರಿಚಿತ. ಅವಿಭಜಿತ ಆಂಧ್ರಪ್ರದೇಶ ಸರ್ಕಾರ 2008ರಲ್ಲಿ ಈ ಯಾತ್ರೆಗೆ ಸಹಾಯಧನ ಆರಂಭಿಸಿತು. 2011ರಲ್ಲಿ ತಮಿಳುನಾಡು ಇಂಥದೇ ಯೋಜನೆಯನ್ನು ಪ್ರಕಟಿಸಿತು. 2019ರಲ್ಲಿ ಆಂಧ್ರ, ವಾರ್ಷಿಕ ಆದಾಯ ಮೂರು ಲಕ್ಷ ರೂಪಾಯಿಗಿಂತ ಕಡಿಮೆ ಇರುವವರಿಗೆ ನೀಡುವ ಮೊತ್ತವನ್ನು 60,000 ರೂಪಾಯಿಗೆ ಏರಿಸಿತು. ಸರ್ಕಾರ ಯಾತ್ರೆಗೆ ಹಣ ಕೊಡಬೇಕೇ ಎಂಬ ಚರ್ಚೆ ನಮ್ಮಲ್ಲಿ ಸಾಕಷ್ಟು ನಡೆದಿದೆ. ಹಜ್ ಸಹಾಯಧನ 2018ರಲ್ಲಿ ನಿಂತೂ ಹೋಯಿತು. ಆದರೆ ಆ ಹಣ, ಅದಕ್ಕಿಂತ ಮಿಗಿಲಾಗಿ ಭಕ್ತರ ಸ್ವಂತ ಉಳಿತಾಯ, ಅಲ್ಲಿಗೆ ಹೋಗಿ ಯಾರ ಕೈ ಸೇರುತ್ತದೆ ಎಂಬ ಪ್ರಶ್ನೆಯನ್ನು ನಾವು ಕೇಳಿಕೊಂಡೇ ಇಲ್ಲ.

ಅಂಕಿಅಂಶಗಳು ಒಂದು ವಿಪರ್ಯಾಸವನ್ನು ತೋರಿಸುತ್ತವೆ. 2019ರಲ್ಲಿ ಇಸ್ರೇಲಿಗೆ ದಾಖಲೆಯ 45 ಲಕ್ಷ ಪ್ರವಾಸಿಗರು ಬಂದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಕ್ರೈಸ್ತರು. ಆದರೆ 2017ರ ಪ್ಯಾಲೆಸ್ಟೀನ್ ಜನಗಣತಿಯಲ್ಲಿ ಕಂಡುಬಂದ ಸ್ಥಳೀಯ ಕ್ರೈಸ್ತರು ಸುಮಾರು 47,000, ಅಂದರೆ ಜನಸಂಖ್ಯೆಯ ಶೇಕಡ ಒಂದರಷ್ಟು. ಇಪ್ಪತ್ತನೆಯ ಶತಮಾನದ ಮಧ್ಯದವರೆಗೂ ಬೆತ್ಲೆಹೇಮ್ ಕ್ರೈಸ್ತ ಬಹುಸಂಖ್ಯಾತರ ಊರಾಗಿತ್ತು; ಇಂದು ಅಲ್ಲಿ ಅವರು ಅಲ್ಪಸಂಖ್ಯಾತರು. ಅತಿಥಿಗಳು ಹೆಚ್ಚಿದಂತೆಲ್ಲ ಆತಿಥೇಯರು ಕರಗಿದ್ದಾರೆ.

ಇದಕ್ಕೆ ಕಾರಣ ಒಂದೇ ಅಲ್ಲ. ವಲಸೆ ಒಟ್ಟೊಮನ್ ಆಳ್ವಿಕೆಯ ಕೊನೆಯ ದಶಕಗಳಲ್ಲಿಯೇ ಆರಂಭವಾಗಿತ್ತು. ದೂರದ ಚಿಲಿಯಲ್ಲಿ ಬೆತ್ಲೆಹೇಮ್ ಸೀಮೆಯಿಂದ ಹೋದವರ ಸಂತತಿ ಎಷ್ಟು ದೊಡ್ಡದೆಂದರೆ, 1920ರಲ್ಲಿಯೇ ಅವರು ಅಲ್ಲಿ ಪ್ಯಾಲೆಸ್ಟೀನ್ ಹೆಸರಿನ ಫುಟ್‌ಬಾಲ್ ಕ್ಲಬ್ ಕಟ್ಟಿದರು. ಚಿಕ್ಕ ಕುಟುಂಬಗಳು, ವಿದೇಶದಲ್ಲಿರುವ ಬಂಧುಗಳ ಸೆಳೆತ, ಅಲ್ಪಸಂಖ್ಯಾತರ ಸಹಜ ಅಭದ್ರತೆ ಎಲ್ಲವೂ ಸೇರಿವೆ. ಇಸ್ರೇಲಿನ ಗಡಿಯೊಳಗೆ ಕ್ರೈಸ್ತರು ಸುಮಾರು 1.8 ಲಕ್ಷವಿದ್ದು, ಅವರ ಸಂಖ್ಯೆ ನಿಧಾನವಾಗಿ ಏರುತ್ತಿದೆ ಎಂಬುದನ್ನೂ ಮರೆಮಾಚಬಾರದು.

ಆದರೂ ಪಶ್ಚಿಮ ದಂಡೆಯ ಕಥೆಯನ್ನು ಗೋಡೆಯನ್ನು ಬಿಟ್ಟು ಹೇಳಲಾಗದು. ಆತ್ಮಾಹುತಿ ದಾಳಿಗಳನ್ನು ತಡೆಯಲೆಂದು ಇಸ್ರೇಲ್ 2002ರಲ್ಲಿ ಅದನ್ನು ಕಟ್ಟತೊಡಗಿತು. ದಾಳಿಗಳು ಇಳಿದದ್ದಕ್ಕೆ ಅದೇ ಕಾರಣವೆಂದು ಸಮರ್ಥಿಸಿಕೊಳ್ಳುತ್ತದೆ. ಆಕ್ರಮಿತ ನೆಲದಲ್ಲಿ ಅದನ್ನು ಕಟ್ಟುವುದು ಅಂತರರಾಷ್ಟ್ರೀಯ ಕಾನೂನಿಗೆ ವಿರುದ್ಧವೆಂದು 2004ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ ಅಭಿಪ್ರಾಯ ನೀಡಿತು. ಜೆರುಸಲೇಮಿಗೂ ಬೆತ್ಲೆಹೇಮಿಗೂ ಇರುವ ಅಂತರ ಹತ್ತು ಕಿಲೋಮೀಟರಿಗಿಂತ ಹೆಚ್ಚಿಲ್ಲ. ನಮ್ಮ ಬಸ್ಸು ತಪಾಸಣಾ ಠಾಣೆಯನ್ನು ನಿಮಿಷಗಳಲ್ಲಿ ದಾಟಿತು. ಆ ಕೆತ್ತನೆಗಾರರಿಗಾದರೋ ಈಸ್ಟರ್ ಪೂಜೆಗೆ ಜೆರುಸಲೇಮಿಗೆ ಹೋಗಲೂ ಅನುಮತಿ ಪತ್ರ ಬೇಕು. ಪಶ್ಚಿಮ ದಂಡೆಯ ಮಾರ್ಗದರ್ಶಿಗಳು ಇಸ್ರೇಲಿನೊಳಗೆ ತಂಡಗಳನ್ನು ಕರೆದೊಯ್ಯಬೇಕಾದರೂ ಪ್ರತ್ಯೇಕ ಪರವಾನಗಿ ಪಡೆಯಬೇಕು. ಅದು ದೊರೆತವರು ಕೆಲವರೇ. ಹೀಗಾಗಿ ಬೆತ್ಲೆಹೇಮ್ ಎಷ್ಟೋ ತಂಡಗಳ ವೇಳಾಪಟ್ಟಿಯಲ್ಲಿ ಅರ್ಧ ದಿನದ ಊರಾಗಿ ಕುಗ್ಗಿದೆ. ಹೋಟೆಲ್ ದರ ಕಡಿಮೆಯೆಂದು ಅಲ್ಲಿಯೇ ತಂಗುವ ತಂಡಗಳೂ ಇವೆ, ನಿಜ. ಆದರೆ ಆ ಆಯ್ಕೆಗೆ ಕಾರಣ ಮಿತವ್ಯಯ, ಬಾಂಧವ್ಯವಲ್ಲ.

ಯಾತ್ರಿಕರನ್ನೇ ನೆಚ್ಚಿದ ಊರಿನ ಬದುಕು ಎಷ್ಟು ದುರ್ಬಲ ಎಂಬುದನ್ನು ಕಳೆದ ಕೆಲವು ವರ್ಷಗಳು ತೋರಿಸಿಕೊಟ್ಟಿವೆ. 2020ರ ಮಾರ್ಚಿನಲ್ಲಿ ಕೋವಿಡ್‌ನಿಂದಾಗಿ ಜನನ ದೇವಾಲಯ ಮುಚ್ಚಿತು. ಚೇತರಿಸಿಕೊಳ್ಳುತ್ತಿರುವಾಗಲೇ 2023ರ ಅಕ್ಟೋಬರ್ 7ರಂದು ಹಮಾಸ್ ದಾಳಿ, ಅದರ ಬೆನ್ನಿಗೆ ಗಾಜಾ ಯುದ್ಧ. ಆ ವರ್ಷ ಬೆತ್ಲೆಹೇಮ್ ಕ್ರಿಸ್‌ಮಸ್ ಸಂಭ್ರಮವನ್ನು ಕೈಬಿಟ್ಟಿತು. ಅಲ್ಲಿನ ಲೂಥರನ್ ಚರ್ಚ್ ಬಾಲ ಯೇಸುವನ್ನು ಕಲ್ಲುಮಣ್ಣಿನ ಅವಶೇಷಗಳ ನಡುವೆ ಮಲಗಿಸಿದ ಗೋದಲಿಯನ್ನು ರಚಿಸಿತು. 2024ರಲ್ಲಿ ಇಸ್ರೇಲಿಗೆ ಬಂದ ಪ್ರವಾಸಿಗರು ಹತ್ತು ಲಕ್ಷಕ್ಕೂ ಕಡಿಮೆ. ಕದನವಿರಾಮದ ನಂತರ, 2025ರ ಡಿಸೆಂಬರಿನಲ್ಲಿ ಗೋದಲಿ ಚೌಕದ ಕ್ರಿಸ್‌ಮಸ್ ಮರದಲ್ಲಿ ಮತ್ತೆ ದೀಪಗಳು ಬೆಳಗಿದವು. ಆದರೆ ನಡುವಿನ ಎರಡು ವರ್ಷಗಳಲ್ಲಿ ಊರು ತೊರೆದು ಹೋದ ಕುಟುಂಬಗಳನ್ನು ಆ ದೀಪಗಳು ಕರೆತರಲಾರವು.

'ನಾವು ಪ್ರಾರ್ಥಿಸಲು ಹೋಗುವವರು, ರಾಜಕೀಯ ಮಾಡಲು ಅಲ್ಲ' ಎಂಬ ಮಾತನ್ನು ನಮ್ಮ ತಂಡದ ಹಿರಿಯರಿಂದಲೂ ಕೇಳಿದ್ದೇನೆ. ಅದರಲ್ಲಿ ಪ್ರಾಮಾಣಿಕತೆಯಿದೆ. ಆದರೆ ಯಾವ ಹೋಟೆಲಿನಲ್ಲಿ ಮಲಗಬೇಕು, ಯಾರ ಕಥನ ಕೇಳಬೇಕು, ಯಾವ ಅಂಗಡಿಯ ಮುಂದೆ ಬಸ್ಸು ನಿಲ್ಲಬೇಕು ಎಂಬುದನ್ನು ಯಾರೋ ಒಬ್ಬರು ಮೊದಲೇ ನಿರ್ಧರಿಸಿರುತ್ತಾರೆ. ಆ ನಿರ್ಧಾರಕ್ಕೆ ನಮ್ಮ ಹಣವೂ ಮೌನವೂ ಒಪ್ಪಿಗೆಯ ಮುದ್ರೆ. ಪ್ರವಾಸ ಏರ್ಪಡಿಸುವ ಧರ್ಮಪ್ರಾಂತ್ಯಗಳು ಎರಡು ರಾತ್ರಿಗಳನ್ನು ಬೆತ್ಲೆಹೇಮಿಗೋ ಪಕ್ಕದ ಬೇತ್ ಸಹೂರಿಗೋ ಮೀಸಲಿಡಬಹುದು. ಒಂದು ಭಾನುವಾರ ಸ್ಥಳೀಯರ ಜೊತೆ ಅರಬ್ಬಿ ಪೂಜೆಯಲ್ಲಿ ಕೂರಬಹುದು. ಒಂದು ಹೊತ್ತಾದರೂ ಅವರ ಮನೆಯಲ್ಲಿ ಉಣ್ಣಬಹುದು. ಸಹಾಯಧನ ನೀಡುವ ಸರ್ಕಾರಗಳೂ ಇಂಥ ಷರತ್ತು ವಿಧಿಸುವುದು ಅಸಾಧ್ಯವೇನಲ್ಲ. ಇದರಿಂದ ಗೋಡೆ ಉರುಳುವುದಿಲ್ಲ. ಒಂದು ಮನೆಯ ಮಗ ಊರಿನಲ್ಲಿಯೇ ಉಳಿಯಲು ಕಾರಣವಾದರೆ ಅದು ಸಣ್ಣದೂ ಅಲ್ಲ.

ಅಲ್ಲಿನ ಕ್ರೈಸ್ತರು ತಮ್ಮನ್ನು 'ಜೀವಂತ ಕಲ್ಲುಗಳು' ಎಂದು ಕರೆದುಕೊಳ್ಳುತ್ತಾರೆ. ಸ್ಥಾವರ ಮತ್ತು ಜಂಗಮದ ಭೇದವನ್ನು ಹನ್ನೆರಡನೆಯ ಶತಮಾನದಲ್ಲಿಯೇ ಕೇಳಿಸಿಕೊಂಡ ಕನ್ನಡದ ಕಿವಿಗೆ ಈ ಮಾತಿನ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ. ಜನರಿಲ್ಲದ ಬೆತ್ಲೆಹೇಮ್ ಟಿಕೆಟ್ ಪಡೆದು ನೋಡುವ ವಸ್ತುಸಂಗ್ರಹಾಲಯವಾದೀತು. ಆಗಲೂ ಯಾತ್ರಿಕರು ಬರುತ್ತಾರೆ, ಬಾಗಿಲಲ್ಲಿ ಬಾಗುತ್ತಾರೆ. ಆದರೆ 'ರಾತ್ರಿ ಎಲ್ಲಿ ತಂಗುತ್ತೀರಿ?' ಎಂದು ಕೇಳಲು ಅಲ್ಲಿ ಯಾರೂ ಉಳಿದಿರುವುದಿಲ್ಲ.