ನಿಂತ ಗಾಡಿಗೆ ಇ20 ಹೇರಬೇಡಿ

ಕಬ್ಬು ಬೆಳೆಗಾರರ ಹೆಸರು ಹೇಳಿ ಕಬ್ಬು ಬೆಳೆಗಾರರ ಬಾಯಿ ಮುಚ್ಚಿಸುವುದು ನ್ಯಾಯವಲ್ಲ. ಶೇ 20ರಷ್ಟು ಎಥೆನಾಲ್ ಬೆರೆಸಿದ ಇ20 ಪೆಟ್ರೋಲಿನ ವಿವಾದದಲ್ಲಿ ಆಗುತ್ತಿರುವುದು ಅದೇ. ಎಥೆನಾಲ್ ಬೆರೆಸದ ಪೆಟ್ರೋಲೂ ಸಿಗಲಿ, ಬಂಕುಗಳಲ್ಲಿ ಎಥೆನಾಲ್ ಪ್ರಮಾಣ ಬರೆಯಲಿ ಎಂದು ಕೇಳಿದ್ದ ಅರ್ಜಿಯನ್ನು 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್ ವಜಾ ಮಾಡಿತು. ಇ20ಯಿಂದ ಕಬ್ಬು ಬೆಳೆಗಾರರಿಗೆ ಅನುಕೂಲ ಎಂಬುದು ಅಲ್ಲಿ ಕೇಂದ್ರ ಸರ್ಕಾರ ಮುಂದಿಟ್ಟ ವಾದಗಳಲ್ಲಿ ಒಂದು. ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿಯ ಜನ ಇದಕ್ಕೆ ಉತ್ತರ ಕೊಡಬೇಕು. ಆ ಬೆಳೆಗಾರರು ನಾವೇ.

ಎಥೆನಾಲ್ ಬೇಡವೆಂದು ಇಲ್ಲಿ ಯಾರೂ ಹೇಳುತ್ತಿಲ್ಲ. ಘಟಪ್ರಭಾ ನೀರುಂಡ ಹೊಲಗಳ ಕಬ್ಬು ಸಂಕೇಶ್ವರ, ಬೆಲ್ಲದ ಬಾಗೇವಾಡಿ, ಹುಣಶ್ಯಾಳದ ಕಾರ್ಖಾನೆಗಳಿಗೆ ಹೋಗುತ್ತದೆ. ಸಕ್ಕರೆಯ ಕನಿಷ್ಠ ಮಾರಾಟ ದರ 2019ರಿಂದ ಕಿಲೋಗೆ 31 ರೂಪಾಯಿಯಲ್ಲೇ ನಿಂತಿದ್ದಾಗ ಕಾರ್ಖಾನೆಗಳ ಕೈಹಿಡಿದ ಆದಾಯ ಎಥೆನಾಲ್. 2025ರ ನವೆಂಬರ್‌ನಲ್ಲಿ ಗುರ್ಲಾಪುರ ಕ್ರಾಸ್‌ನಲ್ಲಿ ರೈತರು ಟನ್ ಕಬ್ಬಿಗೆ 3,500 ರೂಪಾಯಿ ಕೇಳಿ ರಸ್ತೆಯಲ್ಲಿ ಕೂತು, ಕೊನೆಗೆ 3,300ಕ್ಕೆ ಒಪ್ಪಿದರು. ಆಗ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಪ್ರಧಾನಿಗೆ ಬರೆದ ಪತ್ರದಲ್ಲಿಯೂ ಕರ್ನಾಟಕಕ್ಕೆ ಎಥೆನಾಲ್ ಹಂಚಿಕೆ ಕಡಿಮೆಯಾಗಿದೆ ಎಂಬ ದೂರಿತ್ತು.

ಹಾಗಾದರೆ ಇ20ಯ ಲಾಭ ಯಾರಿಗೆ? 2025-26ರ ಸಾಲಿಗೆ ತೈಲ ಕಂಪನಿಗಳು ಹಂಚಿದ ಸುಮಾರು 1,048 ಕೋಟಿ ಲೀಟರ್ ಎಥೆನಾಲಿನಲ್ಲಿ ಕಬ್ಬಿನ ಮೂಲದ್ದು ಶೇ 30ಕ್ಕಿಂತ ಕಡಿಮೆ. ಉಳಿದದ್ದು ಮುಖ್ಯವಾಗಿ ಮೆಕ್ಕೆಜೋಳ ಮತ್ತು ಅಕ್ಕಿಯದು. ಹಂಚಿಕೆಯಲ್ಲಿ ಕಬ್ಬನ್ನು ಹಿಂದೆ ತಳ್ಳಿ, ವಾದದಲ್ಲಿ ಮಾತ್ರ ಕಬ್ಬು ಬೆಳೆಗಾರನನ್ನು ಮುಂದೆ ನಿಲ್ಲಿಸುವುದನ್ನು ನಾವು ಒಪ್ಪಬೇಕಾಗಿಲ್ಲ.

ಅದೇ ಬೆಳೆಗಾರನ ಮನೆಯ ತಗಡಿನ ಶೆಡ್ಡಿನಲ್ಲಿ ಒಂದು ಹಳೆಯ ಮಾರುತಿ 800 ಇಲ್ಲವೇ ಓಮ್ನಿ ನಿಂತಿರುತ್ತದೆ. ಮಕ್ಕಳು ಪುಣೆಯಲ್ಲೋ ಬೆಂಗಳೂರಿನಲ್ಲೋ ಇರುತ್ತಾರೆ. ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ, ಮದುವೆಗೆ, ರಾತ್ರಿ ಹೊತ್ತು ಯಾರಿಗಾದರೂ ಎದೆನೋವು ಬಂದರೆ ಬೆಳಗಾವಿಯ ಆಸ್ಪತ್ರೆಗೆ ಆ ಗಾಡಿ ಬೇಕು. ಉಳಿದ ದಿನ ಅದು ನಿಂತೇ ಇರುತ್ತದೆ. ಪಕ್ಕದಲ್ಲಿ ಔಷಧಿ ಹೊಡೆಯುವ ಪೆಟ್ರೋಲ್ ಪಂಪು, ಕಳೆ ಕತ್ತರಿಸುವ ಯಂತ್ರ ಇರುತ್ತವೆ. ಅವೂ ಹಂಗಾಮಿಗೊಮ್ಮೆ ಹೊರಬರುವಂಥವು. ದೇಶದಲ್ಲಿ ನಡೆದ ಇ20 ಚರ್ಚೆಯಲ್ಲಿ ಬಹುಪಾಲು ದಿನವೂ ಓಡುವ ಕಾರುಗಳ ಮೈಲೇಜಿನ ಬಗ್ಗೆ. ನಿಂತ ಗಾಡಿಯ ಪರವಾಗಿ ಮಾತಾಡಿದವರು ಕಡಿಮೆ.

ಪೆಟ್ರೋಲಿಯಂ ಸಚಿವಾಲಯ 2025ರ ಆಗಸ್ಟ್‌ನಲ್ಲಿ ಕೊಟ್ಟ ಸ್ಪಷ್ಟನೆಯನ್ನೇ ನೋಡಿ. ಕೆಲವು ಹಳೆಯ ವಾಹನಗಳಲ್ಲಿ 20,000ದಿಂದ 30,000 ಕಿಲೋಮೀಟರ್ ಓಡಿದ ಮೇಲೆ ರಬ್ಬರ್ ಭಾಗ, ಗ್ಯಾಸ್ಕೆಟ್ ಬದಲಿಸಬೇಕಾಗಬಹುದು, ಅದಕ್ಕೆ ಹೆಚ್ಚು ಖರ್ಚಿಲ್ಲ ಎಂದಿತು. ವರ್ಷಕ್ಕೆ ಸಾವಿರ ಕಿಲೋಮೀಟರ್ ಓಡುವ ಗಾಡಿಗೆ ಈ ಲೆಕ್ಕದ ಸರದಿ ಬರಲು 20 ವರ್ಷ ಬೇಕು. ರಬ್ಬರ್ ಅಷ್ಟು ದಿನ ಕಾಯುವುದಿಲ್ಲ. ನಿಂತ ಗಾಡಿಯ ಸವೆತವನ್ನು ತಿಂಗಳುಗಳಲ್ಲಿ ಎಣಿಸಬೇಕು.

ಕಾರಣ ಸರಳ. ಎಥೆನಾಲ್ ಗಾಳಿಯಲ್ಲಿನ ತೇವವನ್ನು ಎಳೆದುಕೊಳ್ಳುತ್ತದೆ. ಹಳೆಯ ಗಾಡಿಯ ಟ್ಯಾಂಕು ಅರ್ಧ ಖಾಲಿ ಇದ್ದರೆ, ಬಿಸಿಲು ತಂಪಿನ ಏರಿಳಿತದಲ್ಲಿ ಹೊರಗಿನ ಗಾಳಿ ಒಳಗೆ ಹೋಗಿ ಬರುತ್ತಿರುತ್ತದೆ; ಮಳೆಗಾಲದಲ್ಲಿ ಅದರ ಜೊತೆ ತೇವವೂ ಹೋಗುತ್ತದೆ. ಚೂರು ತೇವಕ್ಕೆ ಏನೂ ಆಗುವುದಿಲ್ಲ. ಮಿತಿ ದಾಟಿದರೆ ಮಾತ್ರ ನೀರು ಮತ್ತು ಎಥೆನಾಲ್ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಪಂಪು ಎಳೆಯುವುದು ಆ ತಳದಿಂದಲೇ. ಎಥೆನಾಲಿಗೆಂದು ಮಾಡಿರದ ಹಳೆಯ ರಬ್ಬರ್ ಪೈಪು ಉಬ್ಬಿ ಬಿರಿಯುತ್ತದೆ, ಕಾರ್ಬ್ಯುರೇಟರಿನ ಲೋಹಕ್ಕೆ ತುಕ್ಕು ತಾಗುತ್ತದೆ, ಟ್ಯಾಂಕಿನಲ್ಲಿ ಕಟ್ಟಿದ್ದ ಹಳೆಯ ಜಿಡ್ಡು ಕರಗಿ ಫಿಲ್ಟರಿಗೆ ಬಂದು ಕೂರುತ್ತದೆ. ಪೈಪು ಸೋರಿದರೆ ಬೆಂಕಿಯ ಭಯವೂ ಉಂಟು.

ಎಲ್ಲ ತಪ್ಪನ್ನೂ ಎಥೆನಾಲಿನ ಮೇಲೆ ಹೊರಿಸುವುದೂ ಸಲ್ಲ. ಬ್ಯಾಟರಿ ಇಳಿಯುವುದು, ಟೈರು ಒಂದೇ ಕಡೆ ಒತ್ತಿ ಚಪ್ಪಟೆಯಾಗುವುದು, ಇಲಿ ವೈರು ಕಡಿಯುವುದು ಯಾವ ಪೆಟ್ರೋಲ್ ಹಾಕಿದರೂ ತಪ್ಪುವುದಿಲ್ಲ. ಹದಿನೈದು ದಿನಕ್ಕೊಮ್ಮೆಯಾದರೂ ಗಾಡಿಯನ್ನು ಅರ್ಧ ಗಂಟೆ ರಸ್ತೆಯಲ್ಲಿ ಓಡಿಸಬೇಕು. ಅಂಗಳದಲ್ಲಿ ಸ್ಟಾರ್ಟ್ ಮಾಡಿ ಬಿಟ್ಟರೆ ಸಾಲದು. ಕೆಲವು ವಾರ ನಿಲ್ಲಿಸುವುದಾದರೆ ಟ್ಯಾಂಕು ತುಂಬಿಸಿಡಬೇಕು, ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಮೆಕ್ಯಾನಿಕ್ ಕೈಯಲ್ಲಿ ಪೆಟ್ರೋಲ್ ತೆಗೆಸಿಡಬೇಕು. ಎಥೆನಾಲ್ ತಾಳುವ ಪೈಪು, ಹೊಸ ಫಿಲ್ಟರ್ ಹಾಕಿಸಬೇಕು. ಇದು ಮಾಲೀಕನ ಹೊಣೆ. ಆದರೆ ಟ್ಯಾಂಕಿಗೆ ಏನು ಬೀಳುತ್ತಿದೆ ಎಂದು ತಿಳಿಸುವುದು, ಬೇರೆ ದಾರಿ ತೆರೆದಿಡುವುದು ಸರ್ಕಾರದ ಹೊಣೆ.

ಆ ಹೊಣೆಯನ್ನು ಸರ್ಕಾರಕ್ಕೆ ಹೊರಗಿನವರು ನೆನಪಿಸಬೇಕಾಗಿಲ್ಲ. ನೀತಿ ಆಯೋಗ 2021ರ ಜೂನ್‌ನಲ್ಲಿ ಪ್ರಕಟಿಸಿದ ಎಥೆನಾಲ್ ಮಾರ್ಗಸೂಚಿಯೇ ಹಳೆಯ ವಾಹನಗಳ ರಕ್ಷಣೆಗೆ ಇ10 ಸಿಗುತ್ತಿರಬೇಕು ಎಂದಿತ್ತು. ಎಥೆನಾಲ್ ಇಲ್ಲದ ಪೆಟ್ರೋಲಿಗೆ ವಿನ್ಯಾಸಗೊಂಡು ಇ10ಗೆ ಹೊಂದಿಸಿದ ಕಾರುಗಳಲ್ಲಿ ಇ20 ಬಳಸಿದರೆ ಶೇ 6ರಿಂದ 7ರಷ್ಟು ಇಂಧನ ಕ್ಷಮತೆ ಕುಸಿಯುತ್ತದೆ ಎಂದು ಅಂದಾಜಿಸಿದ್ದೂ ಅದೇ ವರದಿ. ಶೇ 20ರ ಗುರಿಯನ್ನು 2030ರಿಂದ 2025ಕ್ಕೆ ಎಳೆದು ತಂದ ಅವಸರದಲ್ಲಿ ಈ ರಕ್ಷಣೆಯ ಮಾತು ಬಿದ್ದುಹೋಯಿತು. ಇ20 ತಾಳುವ ಬಿಡಿಭಾಗಗಳ ಗಾಡಿಗಳು ಬರತೊಡಗಿದ್ದು 2023ರ ಏಪ್ರಿಲ್‌ನಿಂದ. ಮಾರುತಿ 800ರ ತಯಾರಿಕೆ ನಿಂತದ್ದು 2014ರಲ್ಲಿ. ಆ ಗಾಡಿ ಕೊಂಡವನಿಗೆ ಇ20 ಬರುವುದನ್ನು ಊಹಿಸುವುದು ಸಾಧ್ಯವೇ ಇರಲಿಲ್ಲ.

ಎರಡು ಬಗೆಯ ಪೆಟ್ರೋಲ್ ಇಡುವುದು ಕಷ್ಟ, ಬೇರೆ ಟ್ಯಾಂಕು ಬೇಕು ಎಂಬ ಆಕ್ಷೇಪಕ್ಕೂ ಉತ್ತರವಿದೆ. ನಮ್ಮ ಅನೇಕ ಬಂಕುಗಳಲ್ಲಿ ಸಾದಾ ಪೆಟ್ರೋಲಿನ ಪಕ್ಕದಲ್ಲೇ ಪ್ರೀಮಿಯಂ ಪೆಟ್ರೋಲ್ ಮಾರಲಾಗುತ್ತಿದೆ. 2021ರ ಸೆಪ್ಟೆಂಬರ್‌ನಲ್ಲಿ ಇ10 ತಂದ ಬ್ರಿಟನ್, ಹಳೆಯ ಗಾಡಿಗಳಿಗಾಗಿ ಪ್ರೀಮಿಯಂ ದರ್ಜೆಯಲ್ಲಿ ಇ5 ಉಳಿಸಿಕೊಂಡಿತು. ಎಥೆನಾಲಿಗೆ ಹೆಸರಾದ ಬ್ರೆಜಿಲ್‌ನಲ್ಲಿಯೂ ಬಂಕಿಗೆ ಹೋದವರು ಮಿಶ್ರಿತ ಪೆಟ್ರೋಲ್ ಬೇಕೋ ಬರೀ ಎಥೆನಾಲ್ ಬೇಕೋ ಎಂದು ಆರಿಸಿಕೊಳ್ಳುತ್ತಾರೆ. ಎರಡಕ್ಕೂ ಒಗ್ಗುವ ಕಾರುಗಳು ಅಲ್ಲಿ 2003ರಿಂದ ಇವೆ. ಆಯ್ಕೆ ಕೊಟ್ಟದ್ದರಿಂದ ಬ್ರೆಜಿಲ್‌ನ ಕಬ್ಬು ಬೆಳೆಗಾರ ಮುಳುಗಲಿಲ್ಲ.

2014-15ರಿಂದ ಎಥೆನಾಲ್ ಮಿಶ್ರಣದಿಂದ ಉಳಿದ ವಿದೇಶಿ ವಿನಿಮಯ 1.44 ಲಕ್ಷ ಕೋಟಿ ರೂಪಾಯಿ ಮೀರಿದೆ ಎಂದು ಸರ್ಕಾರ ಹೇಳುತ್ತದೆ. ಒಳ್ಳೆಯದೇ. ತಿಂಗಳಿಗೆ ಹತ್ತು ಲೀಟರೂ ಕುಡಿಯದ ಹಳೆಯ ಗಾಡಿಗಳಿಗೆ ಇ10 ಕೊಟ್ಟರೆ ಆ ಉಳಿತಾಯಕ್ಕೆ ಆಗುವ ಕೊರತೆ ಅತ್ಯಲ್ಪ. ದಿನವೂ ಓಡುವ ಹೊಸ ಗಾಡಿಗಳು ಇ20 ಕುಡಿಯುತ್ತಲೇ ಇರುತ್ತವೆ.

ಆದ್ದರಿಂದ ನಮ್ಮ ಬೇಡಿಕೆ ನೇರವಾಗಿದೆ. ಪ್ರತಿ ಬಂಕಿನ ಪ್ರತಿ ಪಂಪಿನ ಮೇಲೆ ಎಥೆನಾಲ್ ಪ್ರಮಾಣವನ್ನು ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆಯಿರಿ. ಕೊಳ್ಳುವ ವಸ್ತುವಿನ ಗುಣಮಟ್ಟ ತಿಳಿಯುವ ಹಕ್ಕನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಕೊಟ್ಟಿದೆ. ಗೋಕಾಕ, ಮೂಡಲಗಿ, ಹುಕ್ಕೇರಿ ಸೇರಿ ಪ್ರತಿ ತಾಲ್ಲೂಕು ಕೇಂದ್ರದಲ್ಲಿ ಒಂದು ಬಂಕಿನಲ್ಲಾದರೂ ಇ10 ಸಿಗಲಿ. ಯಾವ ಮಾದರಿಯ, ಯಾವ ವರ್ಷದ ಗಾಡಿಗೆ ಯಾವ ಭಾಗ ಬದಲಿಸಬೇಕು, ಅದರ ಬೆಲೆ ಎಷ್ಟು ಎಂಬ ಪಟ್ಟಿಯನ್ನು ತಯಾರಕರು ಕನ್ನಡದಲ್ಲಿ ಕೊಡಲಿ. ಸಕ್ಕರೆ ಕಾರ್ಖಾನೆಗಳ ಆಡಳಿತ ಮಂಡಳಿಗಳಲ್ಲಿ ಕೂತವರು, ನಮ್ಮ ಶಾಸಕರು, ಸಂಸದರು ಎಥೆನಾಲ್ ಹಂಚಿಕೆ ಹೆಚ್ಚಿಸಿ ಎಂದು ದೆಹಲಿಗೆ ಹೋದಾಗ ಈ ಮೂರು ಬೇಡಿಕೆಗಳನ್ನೂ ಅದೇ ಮನವಿಯಲ್ಲಿ ಸೇರಿಸಬೇಕು. ಎಥೆನಾಲಿಗೆ ಕಬ್ಬು ಬೆಳೆಯುವ ನಾಡೇ ಇದನ್ನು ಕೇಳಿದರೆ, ತೈಲ ಲಾಬಿಯ ಮಾತೆಂದು ಯಾರೂ ತಳ್ಳಿಹಾಕಲಾರರು.