ಹಳೇ ಫೋರ್ ವೀಲ್ ಗಾಡಿ ‘ಎತ್ತಿಸೋ’ ಮುಂಚೆ ಲೆಕ್ಕ ಹಾಕಿ: ಸುಬಾರು, ಜಿಪ್ಸಿ ಮತ್ತು ನಮ್ಮೂರ ಗ್ಯಾರೇಜು

ತೊಂಡೇಬಾವಿ: ವಾರದ ಕೊನೆ ಬಂತು ಅಂದ್ರೆ ದೊಡ್ಡಬಳ್ಳಾಪುರ–ಗೌರಿಬಿದನೂರು ಕಡೆ ಬೆಂಗಳೂರಿನ ಗಾಡಿಗಳ ಓಡಾಟ ಹೆಚ್ಚುತ್ತದೆ. ಸಿಮೆಂಟ್ ಲಾರಿಗಳ ನಡುವೆ ದೊಡ್ಡ ಟೈರಿನ ಥಾರ್, ಹಳೇ ಜಿಪ್ಸಿ, ಮೇಲೆತ್ತಿಸಿದ ಜೀಪು ಕಾಣುತ್ತವೆ. ಕೆಲವರು ಮಾಕಳಿದುರ್ಗಕ್ಕೆ, ಕೆಲವರು ನಂದಿ, ಆವಲಬೆಟ್ಟದ ಕಡೆಗೆ. ಅವನ್ನು ನೋಡಿ ನಮ್ಮ ಹುಡುಗರಿಗೂ ಆಸೆ. ಸೆಕೆಂಡ್ ಹ್ಯಾಂಡ್‌ನಲ್ಲಿ ಒಂದು ಫೋರ್ ವೀಲ್ ಗಾಡಿ ತಂದು, ‘ಅಣ್ಣಾ, ಇದನ್ನ ಸ್ವಲ್ಪ ಎತ್ತಿಸಿ ದೊಡ್ಡ ಟೈರ್ ಹಾಕ್ಕೊಡು’ ಅಂತ ಗ್ಯಾರೇಜಿಗೆ ಬರುತ್ತಾರೆ.

ಇಂಥ ಕೆಲಸ ಬಂದರೆ ಲೇತ್‌ನವರಿಗೆ, ವೆಲ್ಡಿಂಗ್‌ನವರಿಗೆ, ಟೈರ್ ಅಂಗಡಿಯವರಿಗೆ, ಸ್ಪೇರ್ ಪಾರ್ಟ್ಸ್‌ನವರಿಗೆ ಎಲ್ಲರಿಗೂ ನಾಲ್ಕು ಕಾಸು. ಬೇಡ ಅನ್ನೋಕೆ ಯಾರಿಗೂ ಮನಸ್ಸು ಬರಲ್ಲ. ಆದರೆ ಯಾವ ಗಾಡಿಗೆ ಯಾವ ಕೆಲಸ ಹೊಂದುತ್ತೆ, ಯಾವುದಕ್ಕೆ ಕಾನೂನು ಒಪ್ಪುತ್ತೆ ಅನ್ನೋದು ಗೊತ್ತಿಲ್ಲದೆ ಕೈಹಾಕಿದರೆ ಗಾಡಿ, ದುಡ್ಡು, ಗಿರಾಕಿ ಮೂರೂ ಹೋಗುತ್ತವೆ. ಇದನ್ನು ತಿಳಿಯೋಕೆ ಒಳ್ಳೆಯ ಉದಾಹರಣೆ ಹಳೇ ಸುಬಾರು.

ಶೆವರ್ಲೆ ಹೆಸರಿನ ಸುಬಾರು

ನಮ್ಮಲ್ಲಿ ಸುಬಾರು ಎಲ್ಲಿದೆ ಅಂತ ಕೇಳಬಹುದು. 2004ರ ಸುಮಾರಿಗೆ ಜನರಲ್ ಮೋಟಾರ್ಸ್ ಕಂಪನಿ ‘ಶೆವರ್ಲೆ ಫಾರೆಸ್ಟರ್’ ಅನ್ನುವ ಕಾರನ್ನು ಭಾರತದಲ್ಲಿ ಮಾರಿತು. ಮುಂದಿನ ಲಾಂಛನ ಶೆವರ್ಲೆಯದು, ಗಾಡಿ ಮಾತ್ರ ಪೂರ್ತಿ ಜಪಾನಿನ ಸುಬಾರು. ಆಗ ಸುಬಾರು ತಯಾರಿಸುತ್ತಿದ್ದ ಫ್ಯೂಜಿ ಹೆವಿ ಇಂಡಸ್ಟ್ರೀಸ್‌ನಲ್ಲಿ ಜನರಲ್ ಮೋಟಾರ್ಸ್‌ಗೆ ಪಾಲಿತ್ತು. 2005ರಲ್ಲಿ ಆ ಪಾಲನ್ನು ಮಾರಿಬಿಟ್ಟರು. 2017ರ ಕೊನೆಗೆ ಶೆವರ್ಲೆಯೇ ಭಾರತದಲ್ಲಿ ಕಾರು ಮಾರೋದು ನಿಲ್ಲಿಸಿತು.

ಹಾಗಾಗಿ ಇವತ್ತು ಎಲ್ಲೋ ಉಳಿದಿರುವ ಫಾರೆಸ್ಟರ್ ಅಂದ್ರೆ ಇಪ್ಪತ್ತು ವರ್ಷದ ಆಸುಪಾಸಿನ ಗಾಡಿ. ಬೆಲೆ ಕಮ್ಮಿ, ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ, ಎರಡು ಲೀಟರ್ ಪೆಟ್ರೋಲ್ ಎಂಜಿನ್. ಕೇಳೋಕೆ ಆಸೆ ಹುಟ್ಟಿಸುವ ಗಾಡಿಯೇ. ಆದರೆ ಗೇರ್ ಬಾಕ್ಸಿನ ಒಂದು ಭಾಗ ಹೋದರೆ ಗೌರಿಬಿದನೂರಿನಲ್ಲಿ ಸಿಗಲ್ಲ, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಿಕ್ಕರೆ ಪುಣ್ಯ. ಇಲ್ಲಾಂದ್ರೆ ಹೊರದೇಶದಿಂದ ತರಿಸಬೇಕು.

ಜೀಪಿನ ಲೆಕ್ಕ ಬೇರೆ, ಇದರ ಲೆಕ್ಕ ಬೇರೆ

ನಮ್ಮ ಮೆಕ್ಯಾನಿಕ್‌ಗಳ ಕೈ ಪಳಗಿರೋದು ಜೀಪು ಮತ್ತು ಜಿಪ್ಸಿಯಲ್ಲಿ. 1985ರಲ್ಲಿ ಬಂದ ಮಾರುತಿ ಜಿಪ್ಸಿ 2019ರ ಹೊತ್ತಿಗೆ ನಿಂತಿತು. ಅದರ ಕೆಲಸ ಸರಳ. ಮಾಮೂಲಿ ದಾರಿಯಲ್ಲಿ ಹಿಂದಿನ ಎರಡು ಚಕ್ರಕ್ಕೆ ಮಾತ್ರ ಬಲ. ಕೆಸರು ಬಂದಾಗ ಡ್ರೈವರ್ ಎರಡನೇ ಲಿವರ್ ಎಳೆದರೆ ಮುಂದಿನ ಚಕ್ರಕ್ಕೂ ಬಲ ಹೋಗುತ್ತೆ. ‘ಲೋ’ ಹಾಕಿದರೆ ನಡಿಗೆ ವೇಗದಲ್ಲಿ ಕಲ್ಲು ಹತ್ತಿಸಬಹುದು. ಡಾಂಬರಿಗೆ ಬಂದ ಮೇಲೆ ಲಿವರ್ ತೆಗೆಯಬೇಕು, ಅಷ್ಟೇ.

ಸುಬಾರು ಹಾಗಲ್ಲ. ಡಾಂಬರಾಗಲಿ, ಮಣ್ಣಾಗಲಿ, ನಾಲ್ಕೂ ಚಕ್ರಕ್ಕೆ ಸದಾ ಬಲ ಹೋಗುತ್ತಿರುತ್ತೆ. ತಿರುವಿನಲ್ಲಿ ಮುಂದಿನ ಮತ್ತು ಹಿಂದಿನ ಚಕ್ರಗಳು ಬೇರೆ ಬೇರೆ ದೂರ ಓಡಬೇಕಲ್ಲ, ಅದಕ್ಕೆ ಗೇರ್ ಬಾಕ್ಸಿನೊಳಗೇ ಒಂದು ನಡುವಿನ ಡಿಫರೆನ್ಷಿಯಲ್ ಇದೆ. ಕೈಗೇರಿನ ಗಾಡಿಗಳಲ್ಲಿ ಅದರ ಜೊತೆ ಸಿಲಿಕೋನ್ ದ್ರವ ತುಂಬಿದ ಒಂದು ಡಬ್ಬಿ ಇರುತ್ತೆ. ಇದಕ್ಕೆ ವಿಸ್ಕಸ್ ಕಪ್ಲಿಂಗ್ ಅನ್ನುತ್ತಾರೆ. ಒಂದು ಕಡೆಯ ಚಕ್ರ ಜಾರಿ ಸುಮ್ಮನೆ ತಿರುಗೋಕೆ ಶುರುವಾದರೆ ಆ ದ್ರವ ಬಿಸಿಯಾಗಿ ಬಿಗಿಯಾಗುತ್ತೆ, ಬಲ ಇನ್ನೊಂದು ಕಡೆಗೆ ಹೋಗುತ್ತೆ. ಮಳೆ, ಹಿಮ, ಮಣ್ಣುದಾರಿಗೆ ಇದು ಬಹಳ ಒಳ್ಳೆಯ ವ್ಯವಸ್ಥೆ. ಗಂಟೆಗಟ್ಟಲೆ ಬಂಡೆ ಹತ್ತಿಸೋಕೆ ಮಾಡಿದ್ದಲ್ಲ. ಯುರೋಪ್, ಆಸ್ಟ್ರೇಲಿಯಾದಲ್ಲಿ ಮಾರಿದ ಕೆಲವು ಮಾದರಿಗಳಲ್ಲಿ ಲೋ ಗೇರ್ ಇತ್ತು. ಅದೂ ಜೀಪಿನ ಲೋ ಗೇರಿನಷ್ಟು ಬಲದ್ದಲ್ಲ.

ಇಲ್ಲೇ ಮೊದಲ ತಪ್ಪು ಆಗೋದು. ಟೈರ್ ಸವೆದಿದೆ ಅಂತ ಎರಡೇ ಟೈರ್ ಹೊಸದು ಹಾಕಿಸಿಕೊಳ್ಳೋದು ನಮ್ಮಲ್ಲಿ ಮಾಮೂಲು. ಸುಬಾರುವಿಗೆ ಇದು ವಿಷ. ಮುಂದಿನ ಮತ್ತು ಹಿಂದಿನ ಟೈರುಗಳ ಸುತ್ತಳತೆಯಲ್ಲಿ ಆರೇಳು ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಇದ್ದರೆ ನೇರ ದಾರಿಯಲ್ಲೂ ಆ ಡಬ್ಬಿ ದುಡಿಯುತ್ತಲೇ ಇರುತ್ತೆ, ಬಿಸಿಯಾಗಿ ಕೊನೆಗೆ ಕೆಡುತ್ತೆ.

ಗಾಡಿ ಕೊಳ್ಳೋ ಮುಂಚೆ ಒಂದು ಪರೀಕ್ಷೆ ಮಾಡಿ. ಖಾಲಿ ಮೈದಾನದಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿ ಮೆಲ್ಲಗೆ ಸುತ್ತಿಸಿ. ಯಾರೋ ಬ್ರೇಕ್ ಹಿಡಿದಂತೆ ಗಾಡಿ ಜಗ್ಗಿದರೆ, ಕುಪ್ಪಳಿಸಿದರೆ ನಡುವಿನ ಡಿಫರೆನ್ಷಿಯಲ್ ಮೇಲೆ ಅನುಮಾನ ಪಡಿ. ಮೊದಲು ಟೈರ್ ಅಳತೆ ನೋಡಿ, ಆಮೇಲೆ ವ್ಯಾಪಾರ ಮಾತಾಡಿ.

ಎತ್ತಿಸಿದರೆ ಸಿಗೋದೆಷ್ಟು?

ಸಾಮಾನ್ಯವಾಗಿ ಕೇಳುವ ಕೆಲಸ ಮೂರು.

ಒಂದು, ದೊಡ್ಡ ಟೈರ್. 26 ಇಂಚು ಎತ್ತರದ ಚಕ್ರ ತೆಗೆದು 28.5 ಇಂಚಿನದು ಹಾಕಿದರೆ ಗಾಡಿ ನೆಲದಿಂದ ಎದ್ದೇಳೋದು ಅದರ ಅರ್ಧ, ಅಂದ್ರೆ ಒಂದೂಕಾಲು ಇಂಚು ಮಾತ್ರ. ಆದರೆ ಎಲ್ಲಾ ಗೇರೂ ಸುಮಾರು ಶೇ 10ರಷ್ಟು ಭಾರವಾಗುತ್ತವೆ. ಮೀಟರ್ 60 ತೋರಿಸುವಾಗ ಗಾಡಿ ಸುಮಾರು 66ರಲ್ಲಿ ಓಡುತ್ತಿರುತ್ತೆ. ಏರಿನಲ್ಲಿ ಅರ್ಧ ಕ್ಲಚ್ಚಿನಲ್ಲೇ ನಿಭಾಯಿಸಬೇಕಾಗುತ್ತೆ, ಪ್ಲೇಟ್ ಸುಡುತ್ತೆ. ಲೋ ಗೇರ್ ಇಲ್ಲದ ಗಾಡಿಗೆ ದೊಡ್ಡ ಟೈರ್ ಹಾಕೋದು ಬಡಕಲು ಎತ್ತಿಗೆ ಕಬ್ಬಿನ ಗಾಡಿ ಕಟ್ಟಿದ ಹಾಗೆ.

ಎರಡು, ಸ್ಪ್ರಿಂಗ್ ಮೇಲೆ ಸ್ಪೇಸರ್ ಕೂರಿಸಿ ಬಾಡಿ ಎತ್ತೋದು. ಜಿಪ್ಸಿಯಲ್ಲಿ ಆಕ್ಸಲ್ ಗಟ್ಟಿಯಾದ ಒಂದೇ ಕೊಳವೆ. ಬಾಡಿ ಎಷ್ಟೇ ಎತ್ತಿದರೂ ಕೆಳಗಿನ ಡಿಫರೆನ್ಷಿಯಲ್ ಗುಂಡು ಇದ್ದಲ್ಲೇ ಇರುತ್ತೆ. ಅದನ್ನು ಎತ್ತೋದು ಟೈರ್ ಮಾತ್ರ. ಸುಬಾರುವಿನಲ್ಲಿ ನಾಲ್ಕೂ ಚಕ್ರ ಬೇರೆ ಬೇರೆಯಾಗಿ ಕುಣಿಯುತ್ತವೆ, ಡಿಫರೆನ್ಷಿಯಲ್ ಬಾಡಿಯ ಜೊತೆಗೇ ಮೇಲೇಳುತ್ತೆ. ಆದರೆ ಚಕ್ರಕ್ಕೆ ಹೋಗುವ ಆಕ್ಸಲ್ ಓರೆಯಾಗುತ್ತೆ. ಎರಡು ಇಂಚು ದಾಟಿದರೆ ಅದರ ಕೀಲು ಸವೆಯುತ್ತೆ, ರಬ್ಬರ್ ಬೂಟ್ ಹರಿಯುತ್ತೆ, ನಮ್ಮ ಕಡೆಯ ಧೂಳು ಒಳಗೆ ಸೇರಿದರೆ ಮುಗೀತು. ಬ್ರೇಕ್ ಪೈಪು ಎಳೆದಂತಾಗಿದೆಯಾ ಅಂತಲೂ ನೋಡಬೇಕು. ಇದನ್ನು ಬಿಟ್ಟರೆ ಪ್ರಾಣಕ್ಕೇ ಸಂಚಕಾರ.

ಮೂರು, ಹಿಂದಿನ ಡಿಫರೆನ್ಷಿಯಲ್ ವೆಲ್ಡ್ ಮಾಡಿಸೋದು. ಎರಡೂ ಚಕ್ರ ಒಟ್ಟಿಗೆ ತಿರುಗಲಿ ಅನ್ನೋ ಉದ್ದೇಶ. ಕೆಸರಿನಲ್ಲಿ ಗಾಡಿ ಎಳೆಯುತ್ತೆ, ನಿಜ. ಆದರೆ ಡಾಂಬರಿನ ತಿರುವಿನಲ್ಲಿ ಒಳಗಿನ ಚಕ್ರ ಉಜ್ಜುತ್ತೆ, ಮಳೆಯಲ್ಲಿ ಗಾಡಿಯ ಹಿಂಭಾಗ ಜಾರುತ್ತೆ, ಆಕ್ಸಲ್ ತುಂಡಾಗುತ್ತೆ. ಮನೆಯವರನ್ನು ಕೂರಿಸಿಕೊಂಡು ಓಡಿಸುವ ಗಾಡಿಗೆ ಇದನ್ನು ಮಾಡಲೇಬೇಡಿ.

ಕಾನೂನು ಏನನ್ನುತ್ತೆ?

ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ, ಆರ್‌ಸಿಯಲ್ಲಿರುವ ವಿವರ ತಯಾರಕರು ಕೊಟ್ಟ ವಿವರಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಾಯಿಸುವ ಹಾಗಿಲ್ಲ. 2019ರ ಜನವರಿ 9ರಂದು ಕೇರಳದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿಯಾಗಿ ಹೇಳಿತು. ಎಂಜಿನ್ ಬದಲಿಸಬೇಕಾದರೂ ನೋಂದಣಿ ಪ್ರಾಧಿಕಾರದ, ಅಂದ್ರೆ ಆರ್‌ಟಿಒ ಅನುಮತಿ ಬೇಕು. ಹಿಂದೆ ಪೆಟ್ರೋಲ್ ಜೀಪಿಗೆ ಸಿಕ್ಕಿದ ಡೀಸೆಲ್ ಎಂಜಿನ್ ಕೂರಿಸಿ ಓಡಿಸುತ್ತಿದ್ದ ಕಾಲ ಹೋಯಿತು.

2019ರ ತಿದ್ದುಪಡಿಯಲ್ಲಿ ಬಂದ 182ಎ ಕಲಂ ಪ್ರಕಾರ, ಅನುಮತಿ ಇಲ್ಲದ ಒಂದೊಂದು ಬದಲಾವಣೆಗೂ ಮಾಲೀಕನಿಗೆ 5,000 ರೂ. ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಅಥವಾ ಎರಡೂ. ‘ಒಂದೊಂದು ಬದಲಾವಣೆಗೂ’ ಅನ್ನೋದನ್ನು ಗಮನಿಸಿ. ಮೂರು ಕೆಲಸ ಮಾಡಿಸಿದರೆ ದಂಡವೂ ಮೂರು ಪಟ್ಟು. ಗಾಡಿ ಮಾರುವ ಡೀಲರೇ ನಿಯಮ ಮೀರಿ ಬದಲಿಸಿ ಮಾರಿದರೆ ಗಾಡಿಗೆ 1 ಲಕ್ಷ ರೂ.ವರೆಗೆ ಹೋಗುತ್ತೆ. ಮುಂದೆ ಕೂರಿಸುವ ಬುಲ್ ಬಾರ್ ಮೇಲೂ ಕ್ರಮ ತೆಗೆದುಕೊಳ್ಳಿ ಅಂತ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲೇ ರಾಜ್ಯಗಳಿಗೆ ಬರೆದಿದೆ.

ದಂಡಕ್ಕಿಂತ ದೊಡ್ಡ ಪೆಟ್ಟು ವಿಮೆಯದು. ಅಪಘಾತವಾದಾಗ ಸರ್ವೇಯರ್ ಬಂದು ನೋಡಿ, ಹೇಳದೆ ಮಾಡಿಸಿದ ಬದಲಾವಣೆ ಕಂಡರೆ ಕಂಪನಿ ತಕರಾರು ತೆಗೆಯಬಹುದು. ಎದುರಿನ ಬೈಕಿನವನಿಗೆ ಏನಾದರೂ ಆಗಿದ್ದರೆ? ಮನೆ, ಜಮೀನಿನ ಪತ್ರ ಹಿಡಿದು ಕೋರ್ಟಿಗೆ ಅಲೆಯುವ ಪಾಡು ಬರುತ್ತೆ.

ಇನ್ನು ನವೀಕರಣ. 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣಕ್ಕೆ 2022ರ ಏಪ್ರಿಲ್‌ನಿಂದ 5,000 ರೂ. ಶುಲ್ಕ. 20 ವರ್ಷ ದಾಟಿದರೆ 2025ರ ಆಗಸ್ಟ್‌ನಿಂದ 10,000 ರೂ. ಆರ್‌ಸಿಯಲ್ಲಿ ಆಮದು ಗಾಡಿ ಅಂತ ಇದ್ದರೆ ಇದರ ಹಲವು ಪಟ್ಟು. ಕೆಎ 40 ಗಾಡಿಯನ್ನು ಚಿಕ್ಕಬಳ್ಳಾಪುರದ ಆರ್‌ಟಿಒ ಕಚೇರಿಗೆ ತೆಗೆದುಕೊಂಡು ಹೋದಾಗ ಇನ್‌ಸ್ಪೆಕ್ಟರ್ ಗಾಡಿಯನ್ನೂ ಪುಸ್ತಕವನ್ನೂ ತಾಳೆ ನೋಡುತ್ತಾರೆ. ಎತ್ತಿಸಿದ ಗಾಡಿಯನ್ನು ಮತ್ತೆ ಇಳಿಸೋಕೆ ಇನ್ನೊಂದು ಖರ್ಚು.

ಓಡಿಸೋದು ಯಾರ ನೆಲದ ಮೇಲೆ?

ಇದು ಗಾಡಿ ಇಲ್ಲದವರಿಗೂ ಸಂಬಂಧಿಸಿದ ಮಾತು. ಮೀಸಲು ಅರಣ್ಯದೊಳಗೆ ಅನುಮತಿ ಇಲ್ಲದೆ ನುಗ್ಗೋದು ಕರ್ನಾಟಕ ಅರಣ್ಯ ಕಾಯ್ದೆ 1963ರ ಪ್ರಕಾರ ಅಪರಾಧ. ಕೆರೆ ಅಂಗಳ, ಏರಿ, ಉತ್ತರ ಪಿನಾಕಿನಿಯ ಮರಳು ಯಾರೂ ಇಲ್ಲದ ಜಾಗದಂತೆ ಕಾಣಬಹುದು. ಆದರೆ ಮಳೆಯಲ್ಲಿ ನೆನೆದ ಕೆರೆ ಏರಿಯ ಮೇಲೆ ಭಾರದ ಗಾಡಿ ಓಡಿಸಿದರೆ ಆ ಚಕ್ರದ ಗುರುತಿನಲ್ಲೇ ನೀರು ಹರಿದು ಕೊರಕಲಾಗುತ್ತೆ. ಹೊಲದ ಬದು ಒಡೆದರೆ ರಾಗಿ, ಮುಸುಕಿನ ಜೋಳದ ಹೊಲದ ಮೇಲ್ಮಣ್ಣು ಕೊಚ್ಚಿಹೋಗುತ್ತೆ. ಸಾವಿರ ಅಡಿ ಬೋರ್‌ವೆಲ್ ಕೊರೆಸಿದರೂ ನೀರು ಸಿಗದ ತಾಲ್ಲೂಕು ನಮ್ಮದು. ಕೆರೆ ಮತ್ತು ಬದು ಇಲ್ಲಿ ಆಟದ ವಸ್ತು ಅಲ್ಲ. ಆಸೆ ಇದ್ದವರು ಜಮೀನಿನ ಮಾಲೀಕರನ್ನು ಕೇಳಿ, ಖಾಸಗಿ ಜಾಗದಲ್ಲಿ ಓಡಿಸಲಿ.

ಹಾಗಾದರೆ ವ್ಯಾಪಾರ ಬಿಡಬೇಕಾ?

ಬೇಡ. ಕಾನೂನಿನ ಗೊಡವೆ ಇಲ್ಲದ, ಗಾಡಿಗೂ ನಿಜವಾಗಿ ಉಪಯೋಗಕ್ಕೆ ಬರುವ ಕೆಲಸ ಬೇಕಾದಷ್ಟಿದೆ. ತಯಾರಕರು ಹೇಳಿದ ಅಳತೆಯಲ್ಲೇ ಮಣ್ಣುದಾರಿಗೆ ಆಗುವ ಟೈರು, ನಾಲ್ಕೂ ಒಟ್ಟಿಗೆ. ಗೇರ್ ಬಾಕ್ಸ್ ಮತ್ತು ಡಿಫರೆನ್ಷಿಯಲ್ ಆಯಿಲ್ ಬದಲಾವಣೆ, ಹಳೇ ಗಾಡಿಗಳಲ್ಲಿ ಇದನ್ನು ವರ್ಷಗಟ್ಟಲೆ ಯಾರೂ ಮುಟ್ಟಿರಲ್ಲ. ಹರಿದ ರಬ್ಬರ್ ಬೂಟ್, ಸವೆದ ಬುಷ್, ಕ್ಲಚ್, ಬ್ರೇಕ್ ಹೊಸದು. ಎಂಜಿನ್ ಆಯಿಲ್ ಚೇಂಬರ್‌ಗೆ ಕಲ್ಲು ಬಡಿಯದಂತೆ ಕೆಳಗೊಂದು ಗಟ್ಟಿ ತಗಡು. ಎಳೆಯೋಕೆ ಒಳ್ಳೆಯ ಹಗ್ಗ, ಗಟ್ಟಿ ಕೊಕ್ಕೆ.

ಗಾಳಿ ಅಂಗಡಿಯವರಿಗೂ ಒಂದು ಮಾತು. ಮರಳಿನಲ್ಲಿ ಗಾಡಿ ಸಿಕ್ಕಿಕೊಂಡಾಗ 32 ಇರುವ ಗಾಳಿಯನ್ನು 20ರ ಸುಮಾರಿಗೆ ಇಳಿಸಿದರೆ ಟೈರ್ ಅಗಲವಾಗಿ ಹಿಡಿತ ಸಿಗುತ್ತೆ. ಸಾವಿರಾರು ರೂಪಾಯಿಯ ಸ್ಪೇಸರ್ ಮಾಡದ ಕೆಲಸವನ್ನು ಇದು ಪುಕ್ಕಟೆ ಮಾಡುತ್ತೆ. ಡಾಂಬರಿಗೆ ಬಂದ ಕೂಡಲೇ ಮತ್ತೆ ತುಂಬಿಸಬೇಕು. ಭಾನುವಾರ ಬೆಳಗ್ಗೆ ಅಂಗಡಿ ತೆರೆದು, ಸರಿಯಾದ ಗೇಜ್ ಇಟ್ಟುಕೊಂಡವರಿಗೆ ಬೆಂಗಳೂರಿನ ಗಿರಾಕಿ ತಾನಾಗೇ ಬರುತ್ತಾನೆ.

ಗಾಡಿ ಎತ್ತಿಸೋಕೆ ಬಂದ ಹುಡುಗನಿಗೆ ‘ಆಗಲ್ಲ’ ಅಂದ್ರೆ ಇವತ್ತಿನ ಕೂಲಿ ಹೋಗಬಹುದು. ‘ಮೊದಲು ಆರ್‌ಸಿ ತೋರಿಸಪ್ಪ, ಆಮೇಲೆ ಗಾಡಿ ಕೆಳಗೆ ನೋಡೋಣ’ ಅಂದ್ರೆ ಅವನೂ ಉಳಿಯುತ್ತಾನೆ, ಅಂಗಡಿಯ ಹೆಸರೂ ಉಳಿಯುತ್ತೆ. ಮಾಡಿದ ಕೆಲಸಕ್ಕೆ ಬಿಲ್ ಕೊಡಿ, ಅದರ ಪ್ರತಿ ಇಟ್ಟುಕೊಳ್ಳಿ.